ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಮೆತ್ತಗಾಯ್ತು, ಮೊದಲ ಐದು ನಿಮಿಷ ಏನು ಮಾಡಬೇಕಿತ್ತು?

ಬಯಲುಸೀಮೆ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವಳು. ಹೋದ ವರ್ಷ ವರ್ಗವಾಗಿ ಮಡಿಕೇರಿ ಹತ್ತಿರದ ಹೈಸ್ಕೂಲಿಗೆ ಬಂದೆ. ನಮ್ಮ ಕಡೆ ರಸ್ತೆ ಅಂದರೆ ರೊಟ್ಟಿ ಹಂಚಿನ ಹಾಗೆ ಮಟ್ಟಸ. ಕಾರು ಕೈಕೊಟ್ಟರೆ ಎಡಕ್ಕೆ ಇಳಿಸಿ, ಬೇವಿನ ಮರದ ನೆರಳಲ್ಲಿ ನಿಂತು ಅಣ್ಣನಿಗೆ ಫೋನ್ ಮಾಡಿದರೆ ಮುಗಿಯಿತು. ಇಲ್ಲಿ ಇಳಿಸೋಕೆ ಎಡ ಅನ್ನೋದೇ ಇಲ್ಲ. ಒಂದು ಬದಿ ಬರೆ, ಅಂದರೆ ರಸ್ತೆಗಾಗಿ ಕಡಿದ ಗುಡ್ಡದ ಗೋಡೆ, ಇನ್ನೊಂದು ಬದಿ ಬಗ್ಗಿದರೆ ಮರಗಳ ತಲೆ ಕಾಣುತ್ತೆ.

ಕಳೆದ ಶನಿವಾರ ಸ್ಕೂಲು ಬಿಟ್ಟ ಮೇಲೆ ಅಮ್ಮನನ್ನೂ ಏಳು ವರ್ಷದ ಮಗನನ್ನೂ ಕೂರಿಸಿಕೊಂಡು ಸುಳ್ಯಕ್ಕೆ ಹೊರಟೆ. ಕಾರು ಸೆಕೆಂಡ್ ಹ್ಯಾಂಡ್, ಚಿಕ್ಕದು, ಹನ್ನೊಂದು ವರ್ಷ ಹಳೆಯದು. ಮಡಿಕೇರಿ ಬಿಡುವಾಗ ಜಿಟಿಜಿಟಿ ಮಳೆ, ಮದೆನಾಡಿನಲ್ಲಿ ಮಂಜು. ಹೆದರಿಕೆಗೆ ಬ್ರೇಕಿನಿಂದ ಕಾಲು ತೆಗೆಯಲೇ ಇಲ್ಲ. ಮೂರನೇ ಗೇರಲ್ಲಿಟ್ಟು ಒತ್ತಿಕೊಂಡೇ ಇಳಿದೆ. ಜೋಡುಪಾಲ ಕಳೆದ ಮೇಲೆ ಸುಟ್ಟ ವಾಸನೆ. "ಯಾರೋ ಟಯರ್ ಸುಡ್ತಿದ್ದಾರೆ ಕಣೇ" ಅಂದರು ಅಮ್ಮ. ಇನ್ನೆರಡು ತಿರುವು ಕಳೆಯುವಷ್ಟರಲ್ಲಿ ಪೆಡಲ್ ಮೆತ್ತಗಾಗಿ, ನಾದಿದ ಹಿಟ್ಟಿನೊಳಗೆ ಕಾಲಿಟ್ಟ ಹಾಗೆ ಒಳಕ್ಕೆ ಹೋಯಿತು. ಕಾರು ಮಾತ್ರ ಹೋಗುತ್ತಲೇ ಇದೆ.

ಹೇಗೋ ಎರಡನೇ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿದೆ. ನಿಲ್ಲಿಸಿದ್ದು ತಿರುವು ಮುಗಿದ ತಕ್ಷಣದ ಜಾಗದಲ್ಲಿ, ಅರ್ಧ ಕಾರು ರಸ್ತೆ ಮೇಲೆ. ಅಮ್ಮ, ಮಗ ಇಳಿದು ಕಾರಿನ ಹಿಂದೆ ನಿಂತರು. ನಾನು ಮುಂದೆ ಹೋಗಿ ಬೋನೆಟ್ ಎತ್ತಿದೆ, ಅಲ್ಲಿ ಏನು ನೋಡಬೇಕು ಅಂತ ಗೊತ್ತಿರುವವಳ ಹಾಗೆ. ಮೇಲಿನಿಂದ ಬಂದ ಲಾರಿ ತಿರುವಿನಲ್ಲಿ ನಮ್ಮನ್ನು ಕಂಡು ಬಲಕ್ಕೆ ಎಳೆದುಕೊಂಡು ಹೋಯಿತು. ಅಮ್ಮನ ಸೆರಗು ಅದರ ಗಾಳಿಗೆ ಹಾರಿತು, ಅಷ್ಟು ಹತ್ತಿರ. ಅದರ ಹಿಂದೆ ಬಂದ ಬಸ್ಸಿನ ಡ್ರೈವರ್ ನಿಲ್ಲಿಸಿ, ಇಳಿದು ಬಂದು ಬೈದರು: "ಮೊದಲು ಮಗೂನ ಅಲ್ಲಿಂದ ಕರ್ಕೊಂಡು ಬನ್ನಿ ಮೇಡಂ. ಕಾರಿಗೆ ಏನು ಅವಸರ?"

ಮುಕ್ಕಾಲು ಗಂಟೆ ಬಿಟ್ಟು ಒತ್ತಿ ನೋಡಿದರೆ ಪೆಡಲ್ ಮೊದಲಿನ ಹಾಗೆ ಗಟ್ಟಿ! ನಿಧಾನವಾಗಿ ಇಳಿದು ಒಂದು ಗ್ಯಾರೇಜಿನಲ್ಲಿ ತೋರಿಸಿದರೆ "ಏನೂ ಆಗಿಲ್ಲ" ಅಂದರು. ಅಂದಿನಿಂದ ನಿದ್ದೆಯಲ್ಲೂ ನನ್ನ ಬಲಗಾಲು ಏನನ್ನೋ ಒತ್ತುತ್ತಿರುತ್ತೆ.

ಏನೂ ಆಗಿಲ್ಲ ಅಂದಮೇಲೆ ಪೆಡಲ್ ಯಾಕೆ ಹೋಯಿತು? ಇನ್ನೊಮ್ಮೆ ಇದೇ ಆಗಲಿ, ಪಂಕ್ಚರ್ ಆಗಲಿ, ಎಂಜಿನ್ ಬಿಸಿಯಾಗಲಿ, ಮೊದಲ ಐದು ನಿಮಿಷ ನಾನು ಏನು ಮಾಡಬೇಕು? ಯೂಟ್ಯೂಬ್ ನೋಡಿದೆ. ಅಲ್ಲಿ ಎಲ್ಲರೂ ಆರು ಲೇನಿನ ರಸ್ತೆ ಬದಿಯಲ್ಲಿ, ಒಳ್ಳೇ ಬಿಸಿಲಲ್ಲಿ, ನಗುನಗುತ್ತಾ ಚಕ್ರ ಬಿಚ್ಚುತ್ತಾರೆ. ಇಲ್ಲಿನ ರಸ್ತೆ ಗೊತ್ತಿರುವವರು ಹೇಳಿ.

ಬುಲೆಟ್ ಪೊನ್ನಂಪೇಟೆ:

ಇಷ್ಟಕ್ಕೆಲ್ಲ ಹೆದರಬೇಡಿ ಮೇಡಂ. ಬ್ರೇಕ್ ಬಿಸಿಯಾಗಿದೆ ಅಷ್ಟೇ. ಚಕ್ರದ ಮೇಲೆ ಎರಡು ಬಾಟಲಿ ನೀರು ಹೊಯ್ದರೆ ಐದು ನಿಮಿಷದಲ್ಲಿ ಸರಿಹೋಗುತ್ತೆ. ಇನ್ನೊಂದು ಟಿಪ್: ಇಳಿಜಾರಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡಿ. ನಾನು ಮದೆನಾಡಿನಿಂದ ಕೊಯನಾಡಿನವರೆಗೆ ಒಂದು ತೊಟ್ಟು ಪೆಟ್ರೋಲ್ ಸುಡದೆ ಹೋಗಿದ್ದೀನಿ.

ಹಳೇ ಜೀಪು:

ತಮ್ಮಾ ಬುಲೆಟ್, ನೀನು ಇನ್ನೂ ಬರೆಯುವಷ್ಟು ಗಟ್ಟಿಯಾಗಿದ್ದೀಯ ಅಂದರೆ ಅದು ಇಗ್ಗುತಪ್ಪ ದೇವರ ದಯೆ, ನಿನ್ನ ಜಾಣತನ ಅಲ್ಲ.

ಬ್ರೇಕ್ ಪೆಡಲ್ ಹಗುರವಾಗಿರೋದು ಎಂಜಿನ್ ಓಡುತ್ತಾ, ಕಾಲಿನ ಒತ್ತನ್ನು ಹೆಚ್ಚಿಸುವ ಬೂಸ್ಟರಿನ ಗಾಳಿ ಎಳೆಯುತ್ತಿರುವುದರಿಂದ. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟು ಬಲ ಉಳಿದಿರುತ್ತೆ, ಆಮೇಲೆ ಪೆಡಲ್ ಕಲ್ಲು. ಪವರ್ ಸ್ಟೀರಿಂಗೂ ಭಾರ. ಕೀ ಪೂರ್ತಿ ತಿರುಗಿಸಿ ತೆಗೆದರೆ ಸ್ಟೀರಿಂಗ್ ಲಾಕೇ ಬೀಳುತ್ತೆ, ಆಗ ನೀನು ಡ್ರೈವರ್ ಅಲ್ಲ, ಪ್ಯಾಸೆಂಜರ್. ಪೆಟ್ರೋಲ್ ಉಳಿಯೋದೂ ಅಷ್ಟರಲ್ಲೇ ಇದೆ: ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರ್ ಹಾಕಿಕೊಂಡೇ ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ತಾನೇ ನಿಲ್ಲುತ್ತೆ. ನ್ಯೂಟ್ರಲ್ ಮಾಡಿ ಎಂಜಿನ್ ಆನ್ ಇಟ್ಟರೇ ಅದು ಸುಡೋದು. ಕೆಂಡದ ಹಾಗೆ ಕಾದ ಡಿಸ್ಕಿಗೆ ತಣ್ಣೀರು ಹೊಯ್ದರೆ ಸೊಟ್ಟಗಾಗುತ್ತೆ, ಬಿರುಕೂ ಬಿಡಬಹುದು. ಒಲೆಯ ಮೇಲಿನ ಬಾಣಲೆಗೆ ನೀರು ಚಿಮುಕಿಸಿ ನೋಡು, ಗೊತ್ತಾಗುತ್ತೆ.

ಟೀಚರೇ, ನಿಮಗೆ ಈಗ ಬರುತ್ತೇನೆ. ನಾನು ಸುಂಟಿಕೊಪ್ಪದವ. ಮೂವತ್ತೊಂದು ವರ್ಷ ತೋಟದ ಜೀಪು ಓಡಿಸಿದೆ, ಅದರಲ್ಲಿ ಕೊನೆಯ ಹನ್ನೆರಡು ವರ್ಷ ಕೆಟ್ಟು ನಿಂತ ಗಾಡಿ ಎಳೆಯುವ ಕೆಲಸವೂ ಇತ್ತು. ಈಗ ಮಂಡಿ ಹೋಗಿ ಜಗಲಿಯಲ್ಲಿ ಕೂತಿದ್ದೇನೆ. ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರಾದರೆ ಬಿಟ್ಟು ಓದಿ.

ಗ್ಯಾರೇಜಿನವರು ಸುಳ್ಳು ಹೇಳಿಲ್ಲ, ಪೂರ್ತಿ ನಿಜವನ್ನೂ ಹೇಳಿಲ್ಲ. ನೀವು ಒತ್ತುವ ಪೆಡಲಿಗೂ ಚಕ್ರಕ್ಕೂ ನಡುವೆ ಇರೋದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವ ಹೀರುತ್ತೆ. ಹೊಸ ಡಾಟ್ 3 ದರ್ಜೆಯ ಆಯಿಲ್ 205 ಡಿಗ್ರಿವರೆಗೆ ಕುದಿಯೋದಿಲ್ಲ, ತೇವ ಕುಡಿದ ಮೇಲೆ ಅದೇ ಆಯಿಲ್ 140ಕ್ಕೇ ಕುದಿಯಬಹುದು. ಡಾಟ್ 4 ಆದರೆ 230, ತೇವ ಹಿಡಿದ ಮೇಲೆ 155. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆಗೇ ಬೂಷ್ಟು ಬರುತ್ತೆ, ಆಯಿಲ್ ಬಿಡುತ್ತಾ? ಮಡಿಕೇರಿಯಿಂದ ಸಂಪಾಜೆಗೆ ಹತ್ತಿರ ಹತ್ತಿರ ಸಾವಿರ ಮೀಟರ್ ಇಳಿತ. ಆ ಇಳಿತದ ಬಲವನ್ನೆಲ್ಲ ನೀವು ನಾಲ್ಕು ಚಕ್ರದ ಬ್ರೇಕಿಗೆ ಶಾಖ ಮಾಡಿ ಕೊಟ್ಟಿರಿ. ಆಯಿಲ್ ಕುದಿದು ಗುಳ್ಳೆ ಬಂತು. ಆಯಿಲನ್ನು ಒತ್ತಿದರೆ ಅದು ಚಕ್ರಕ್ಕೆ ಬಲ ದಾಟಿಸುತ್ತೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆಯೇ ಕುಗ್ಗುತ್ತೆ. ನಿಮ್ಮ ಹಿಟ್ಟಿನ ಮುದ್ದೆ ಅದೇ. ತಣ್ಣಗಾದಾಗ ಗುಳ್ಳೆ ಕರಗಿತು, ಪೆಡಲ್ ಗಟ್ಟಿಯಾಯಿತು, ಗ್ಯಾರೇಜಿನಲ್ಲಿ ಏನೂ ಕಾಣಲಿಲ್ಲ. ನಾಳೆಯೇ ಹೋಗಿ ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ, ಮೇಲಿಂದ ಸೇರಿಸುವುದಲ್ಲ. ಪ್ಯಾಡ್, ಲೈನರ್ ಎಷ್ಟು ಉಳಿದಿದೆ ಅಂತಲೂ ಬಿಚ್ಚಿ ನೋಡಿಸಿ. ಆಮೇಲೆ ಎರಡು ವರ್ಷಕ್ಕೊಮ್ಮೆ.

ನನಗೆ ಜೀಪು ಕಲಿಸಿದ ಮೇಸ್ತ್ರಿ ಒಂದೇ ಪಾಠ ಹೇಳಿದ್ದು: ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ. ಜೋಡುಪಾಲದ ಏರನ್ನು ನಿಮ್ಮ ಕಾರು ಎರಡರಲ್ಲಿ ಹತ್ತಿದರೆ ಇಳಿಯುವಾಗಲೂ ಎರಡೇ. ಎಂಜಿನ್ ಕಿರುಚುತ್ತೆ, ಕಿರುಚಲಿ ಬಿಡಿ. ಬ್ರೇಕನ್ನು ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ಸುಮ್ಮನೆ ಸವರಿಕೊಂಡು ಇರಬೇಡಿ. ಹಿಂದಿನವ ಹಾರ್ನ್ ಮಾಡಿದರೆ ಜಾಗ ಕೊಟ್ಟು ಮುಂದೆ ಕಳಿಸಿ, ಮಂಗಳೂರು ಓಡಿಹೋಗಲ್ಲ.

ಆದರೂ ಪೆಡಲ್ ಹೋಯಿತು ಅಂದುಕೊಳ್ಳಿ. ಪಟಪಟ ಅಂತ ಪಂಪ್ ಮಾಡಿ, ಅರ್ಧ ಬ್ರೇಕಾದರೂ ಸಿಕ್ಕಬಹುದು. ಜೊತೆಜೊತೆಗೆ ಗೇರ್ ಇಳಿಸಿ: ಮೂರರಿಂದ ಎರಡು, ಎರಡರಿಂದ ಒಂದು. ಮೂರರಿಂದ ನೇರ ಒಂದಕ್ಕೆ ಹಾರಬೇಡಿ, ಹಾಕಲು ಹೋಗಿ ನ್ಯೂಟ್ರಲ್‌ನಲ್ಲಿ ಉಳಿದರೆ ಇದ್ದ ಹಿಡಿತವೂ ಹೋಯಿತು. ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿಕೊಂಡೇ ಸ್ವಲ್ಪ ಎಳೆದು, ಸ್ವಲ್ಪ ಬಿಟ್ಟು, ಮತ್ತೆ ಎಳೆಯಿರಿ. ಒಂದೇ ಸಲ ಜಗ್ಗಿದರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ತಿರುಗಿ ನಿಲ್ಲುತ್ತೆ. ಹಾರ್ನ್, ಲೈಟ್, ನಾಲ್ಕೂ ಇಂಡಿಕೇಟರ್ ಹಾಕಿ. ಯಾವುದಕ್ಕೂ ನಿಲ್ಲದಿದ್ದರೆ ಕಾರಿನ ಬದಿಯನ್ನು ಬರೆಗೆ ಉಜ್ಜಿ ನಿಲ್ಲಿಸಬೇಕು. ಒಮ್ಮೆ ಹನ್ನೊಂದು ಮೂಟೆ ಕರಿಮೆಣಸು ಹೇರಿಕೊಂಡು ಇಳಿಯುವಾಗ ಮದೆನಾಡಿನ ಕೆಳಗೆ ನಾನೂ ಹಾಗೆ ಉಜ್ಜಿದ್ದೇನೆ. ಬಲಗಡೆಯ ಬಾಗಿಲು, ಕನ್ನಡಿ, ಮಡ್‌ಗಾರ್ಡ್ ಹೋಯಿತು. ಸಾಹುಕಾರರು ಬಂದು ಮೊದಲು ಮೂಟೆ ಎಣಿಸಿದರು, ಆಮೇಲೆ ನನ್ನನ್ನು ನೋಡಿದರು.

ಈಗ ಮುಖ್ಯ ಮಾತು. ಪೆಡಲ್ ಹೋದಾಗ ನೀವು ಮಾಡಿದ್ದು ಮುಕ್ಕಾಲು ಪಾಲು ಸರಿ. ತಪ್ಪಿದ್ದು ಕಾರು ನಿಂತ ಮೇಲೆ. ಗಾಡಿ ಎಳೆಯಲು ಹೋದ ಹನ್ನೆರಡು ವರ್ಷದಲ್ಲಿ ನಾನು ಕಂಡ ಕೆಟ್ಟ ದೃಶ್ಯಗಳು ಗಾಡಿ ಕೆಟ್ಟದ್ದರಿಂದ ಆದದ್ದಲ್ಲ, ಕೆಟ್ಟ ಗಾಡಿಯ ಹಿಂದೆಮುಂದೆ ಜನ ನಿಂತದ್ದರಿಂದ ಆದದ್ದು. ಹಿಂದೆ ನಿಂತವರು ಬರುವ ಲಾರಿಗೂ ಕಾರಿಗೂ ನಡುವೆ. ಮುಂದೆ ನಿಂತವರ ಮೇಲೆ, ಲಾರಿ ಗುದ್ದಿದರೆ, ಅವರದೇ ಕಾರು ಹತ್ತುತ್ತೆ. ನಿಲ್ಲಬೇಕಾದ್ದು ರಸ್ತೆ ಬಿಟ್ಟು ಹೊರಗೆ, ಗಾಡಿಗಳು ಬರುವ ದಿಕ್ಕಿಗೆ ಕಾರಿನಿಂದ ಹತ್ತಿಪ್ಪತ್ತು ಹೆಜ್ಜೆ ದೂರ, ಆಗ ಗುದ್ದಿದರೂ ಕಾರು ನಿಮ್ಮಿಂದ ಆಚೆಗೆ ಹೋಗುತ್ತೆ. ಇಳಿಯುವಾಗ ರಸ್ತೆಯ ಬದಿಯ ಬಾಗಿಲಿಂದ ಬೇಡ. ಮಗು ನಿಮ್ಮ ಕೈಯಲ್ಲಿರಲಿ, ಮೊಬೈಲ್ ಅಮ್ಮನ ಕೈಗೆ ಕೊಡಿ.

ಎಲ್ಲಿ ನಿಲ್ಲಿಸೋದು ಅನ್ನೋದು ಅದಕ್ಕೂ ಮೊದಲಿನ ಪ್ರಶ್ನೆ. ಬ್ರೇಕೇ ಇಲ್ಲದಾಗ ಆಯ್ಕೆ ಇಲ್ಲ, ಬೇರೆ ತೊಂದರೆಯಾದರೆ ಕಾರು ಇನ್ನೂ ಒಂದೆರಡು ನಿಮಿಷ ಉರುಳುತ್ತೆ. ತೋಟದ ಗೇಟು, ಬಸ್ ತಂಗುದಾಣ, ಅಂಗಡಿ ಮುಂದಿನ ಜಾಗ, ಯಾವುದಾದರೂ ಸಿಗುವವರೆಗೆ ಉರುಳಿಸಿ. ಚಕ್ರದಲ್ಲಿ ಗಾಳಿ ಇಲ್ಲದಿದ್ದರೂ ಸರಿ. ಟಯರ್ ಹಾಳಾಗುತ್ತೆ, ರಿಮ್ಮಿಗೂ ಪೆಟ್ಟು ಬೀಳಬಹುದು, ಎರಡೂ ದುಡ್ಡು ಕೊಟ್ಟರೆ ಸಿಗುವ ವಸ್ತು. ಏನೂ ಸಿಗದಿದ್ದರೆ ನೇರ ರಸ್ತೆಯಲ್ಲಾದರೂ ನಿಲ್ಲಿಸಿ, ತಿರುವಿನ ಬಾಯಲ್ಲಿ ಬೇಡ.

ಬೇಸಗೆಯಲ್ಲಿ ಬರೆಯ ಬದಿ ಒಳ್ಳೆಯದು. ಮಳೆಗಾಲದಲ್ಲಿ ಅದೇ ಲೆಕ್ಕ ನಡೆಯೋದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಜೋಡುಪಾಲ, ಮದೆನಾಡು ಏನಾಯಿತು ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಬರೆಯಿಂದ ಕೆಸರು ಬಣ್ಣದ ನೀರು ಇಳಿಯುತ್ತಿದ್ದರೆ, ಸಣ್ಣ ಕಲ್ಲು ಉದುರುತ್ತಿದ್ದರೆ, ಮರ ರಸ್ತೆ ಕಡೆ ವಾಲಿದ್ದರೆ ಅಲ್ಲಿ ಒಂದು ಕ್ಷಣವೂ ನಿಲ್ಲಬೇಡಿ. ಹಾಗಂತ ಕಣಿವೆ ಬದಿಯ ಹುಲ್ಲಿನ ಮೇಲೆ ಚಕ್ರ ಇಳಿಸಬೇಡಿ, ಮಳೆ ಕುಡಿದ ಅಂಚು ಚಕ್ರದ ಭಾರಕ್ಕೇ ಜಾರುತ್ತೆ. ಎರಡೂ ಕೂಡದು ಅಂದರೆ ಡಾಂಬರಿನ ಮೇಲೆಯೇ ನಿಂತು, ಹಿಂದೆ ದೂರದಲ್ಲಿ ಗುರುತು ಹಾಕಿ.

ಗುರುತು ಅಂದರೆ ಕಾರಿನ ಜೊತೆ ಬರುವ ಕೆಂಪು ತ್ರಿಕೋನ. ನೇರ ರಸ್ತೆಯಲ್ಲಿ ಐವತ್ತು ಮೀಟರ್ ಹಿಂದೆ ಇಡಿ. ತಿರುವಿದ್ದರೆ ಮೀಟರ್ ಲೆಕ್ಕ ಬಿಡಿ, ತಿರುವಿನ ಆಚೆ ಇಡಿ. ತಿರುವು ದಾಟಿದ ಮೇಲೆ ಕಂಡರೆ ಲಾರಿಯವನಿಗೆ ಏನು ಉಪಯೋಗ? ತ್ರಿಕೋನ ಇಲ್ಲದಿದ್ದರೆ ನಮ್ಮ ಹಳೇ ಪದ್ಧತಿ, ಸೊಪ್ಪಿರುವ ಕೊಂಬೆ ಮುರಿದು ರಸ್ತೆ ಮೇಲೆ ಹಾಕೋದು. ಲಾರಿ, ಬಸ್ಸಿನವರಿಗೆ ಆ ಭಾಷೆ ಚೆನ್ನಾಗಿ ಗೊತ್ತು. ಕಲ್ಲು ಇಡಬೇಡಿ. ಅನಿವಾರ್ಯವಾಗಿ ಇಟ್ಟರೆ ಹೊರಡುವಾಗ ಎತ್ತಿ ಹಾಕಿ. ಆನೆಕಾಡಿನ ಹತ್ತಿರ ಯಾರೋ ಬಿಟ್ಟು ಹೋದ ಕಲ್ಲಿಗೆ ನನ್ನ ತಂಗಿಯ ಮಗ ಬೈಕಿನಲ್ಲಿ ಬಿದ್ದು ಆರು ತಿಂಗಳು ಮಲಗಿದ್ದ. ಕಲ್ಲಿಟ್ಟ ಪುಣ್ಯಾತ್ಮ ಅಷ್ಟು ಹೊತ್ತಿಗೆ ಮೈಸೂರಿನಲ್ಲಿ ದೋಸೆ ತಿನ್ನುತ್ತಿದ್ದಿರಬೇಕು.

ಬಯಲುಸೀಮೆ ಟೀಚರ್:

ಅಣ್ಣಾ, ಇದನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. "ಎರಡನೇ ಗೇರು" ಅಂತ ಮಗ ಪಾಠ ಮಾಡಿಕೊಂಡಿದ್ದಾನೆ. ಇನ್ನೊಂದು ಕೇಳುವುದಿದೆ. ತರಬೇತಿಗೆ ಅಂತ ಕೆಲವು ಶುಕ್ರವಾರ ಚೆಟ್ಟಳ್ಳಿ ಮೇಲೆ ಸಿದ್ದಾಪುರಕ್ಕೆ ಹೋಗಿ ಸಂಜೆ ವಾಪಸ್ ಬರುತ್ತೇನೆ. ಮೀನುಕೊಲ್ಲಿ ಕಾಡಿನ ಹತ್ತಿರ ಪಂಕ್ಚರ್ ಆದರೆ? ಅಲ್ಲೂ ಕಾರಿಂದ ಇಳಿದು ದೂರ ನಿಲ್ಲೋದಾ?

ತಿತಿಮತಿ ಗೇಟ್:

ಅಲ್ಲಿ ಇಳಿಯಬೇಡಿ ಅಕ್ಕ. ಹಳೇ ಜೀಪು ಅಣ್ಣ ಹೇಳಿದ್ದು ಲಾರಿ ಹೆದರಿಕೆ ಇರುವ ರಸ್ತೆಗೆ. ಆನೆ ಹೆದರಿಕೆ ಇರುವ ಕಡೆ ಲೆಕ್ಕ ತಿರುಗಾಮುರುಗಾ.

ನನ್ನ ಮನೆ ತಿತಿಮತಿಯಲ್ಲಿ, ಆನೆಚೌಕೂರು ರಸ್ತೆಯಲ್ಲಿ ದಿನಾ ಓಡಾಟ. ಕಾಡಿನೊಳಗೆ, ತೋಟದ ನಡುವಿನ ರಸ್ತೆಯಲ್ಲಿ, ಕತ್ತಲಾಗುವ ಹೊತ್ತಿಗೆ ಗಾಳಿ ಹೋದರೆ ಚಕ್ರದ ಆಸೆ ಬಿಟ್ಟು ಮನೆ, ತೋಟದ ಕೆಲಸದವರ ಲೈನ್ ಮನೆ, ಚೆಕ್‌ಪೋಸ್ಟ್ ಕಾಣುವವರೆಗೆ ಹತ್ತು ಹದಿನೈದರ ಸ್ಪೀಡಲ್ಲಿ ಓಡಿಸಿ. ಓಡಿಸಲು ಆಗಲೇ ಇಲ್ಲವೋ, ಒಳಗೇ ಕೂತು, ಗಾಜು ಏರಿಸಿ, ಇಂಡಿಕೇಟರ್ ಹಾಕಿ, ಮುಂದೆ ಬರುವ ಬಸ್ಸಿಗೋ ಜೀಪಿಗೋ ಕೈ ಮಾಡಿ. ಎರಡನೇ ಗಾಡಿ ಬಂದು ಲೈಟ್ ಹಾಕಿ ನಿಂತ ಮೇಲೆಯೇ ಜಾಕಿ ತೆಗೆಯೋದು. ನೆರವು ಕೇಳಿದರೆ ನಮ್ಮಲ್ಲಿ ಯಾರೂ ಆಗಲ್ಲ ಅನ್ನೋದಿಲ್ಲ, ಎಲ್ಲರಿಗೂ ಒಂದಲ್ಲ ಒಂದು ದಿನ ಆಗಿದೆ.

ಆನೆ ಕಂಡರೆ ಹಾರ್ನ್ ಬೇಡ, ಡಿಮ್ ಡಿಪ್ ಆಟ ಬೇಡ, ಫೋಟೋ ಅಂತೂ ಬೇಡವೇ ಬೇಡ. ದೂರದಲ್ಲೇ ನಿಲ್ಲಿಸಿ, ಎಂಜಿನ್ ಆನ್ ಇರಲಿ, ಲೈಟ್ ಡಿಮ್ ಮಾಡಿ, ಜಾಗ ಇದ್ದರೆ ನಿಧಾನ ರಿವರ್ಸ್ ಹೋಗಿ. ಒಂದು ದಾಟಿತು ಅಂತ ನುಗ್ಗಬೇಡಿ, ಮರಿ ಹಿಂದೆ ಇರುತ್ತೆ, ಮರಿಯ ಹಿಂದೆ ಇನ್ನೊಂದು ಹೆಣ್ಣಾನೆ ಇರುತ್ತೆ. ಕಿವಿ ಅಗಲಿಸಿ ನಿಂತು ತಲೆ ಎತ್ತಿದರೆ ನಿಮಗೆ ಎಚ್ಚರಿಕೆ ಕೊಡುತ್ತಿದೆ ಅಂತ ತಿಳಿಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ಫೋನಲ್ಲಿ ಹಾಕಿಟ್ಟುಕೊಳ್ಳಿ. ಹಲಸಿನ ಕಾಲದಲ್ಲಿ ಆ ರಸ್ತೆಯನ್ನು ಐದು ಗಂಟೆಯ ಒಳಗೆ ದಾಟಿಬಿಡಿ. ಹಣ್ಣಿನ ವಾಸನೆ ನಮಗಿಂತ ಮೊದಲು ಅದಕ್ಕೆ ಗೊತ್ತಾಗುತ್ತೆ.

ಬುಲೆಟ್ ಪೊನ್ನಂಪೇಟೆ:

ಸರಿ ಹಳೇ ಜೀಪಣ್ಣ, ನ್ಯೂಟ್ರಲ್ ಬಿಟ್ಟೆ. ಆದರೆ ಸ್ಟೆಪ್ನಿ ಹಾಕೋದನ್ನು ಟೀಚರಿಗೆ ನಾನೇ ಹೇಳಬಲ್ಲೆ. ಜಾಕಿ ಕೊಟ್ಟು ಎತ್ತಿ, ನಟ್ ಬಿಚ್ಚಿ, ಚಕ್ರ ಹಾಕಿ. ಹತ್ತು ನಿಮಿಷ.

ಹಳೇ ಜೀಪು:

ನ್ಯೂಟ್ರಲ್ ಬಿಟ್ಟದ್ದಕ್ಕೆ ಒಂದು ಕಾಫಿ ಕೊಡಿಸುತ್ತೇನೆ, ಸುಂಟಿಕೊಪ್ಪಕ್ಕೆ ಬಾ. ಸ್ಟೆಪ್ನಿಯಲ್ಲಿ ಮತ್ತೆ ಎಡವಿದೆ. ಎತ್ತಿದ ಮೇಲೆ ನಟ್ ಬಿಚ್ಚಲು ಹೋದರೆ ಚಕ್ರ ಸುಮ್ಮನೆ ಸುತ್ತುತ್ತೆ. ಜೋರು ಹಾಕಿ ಜಗ್ಗಿದರೆ ಕಾರೇ ಜಾಕಿಯಿಂದ ಜಾರುತ್ತೆ. ಚಕ್ರ ನೆಲದ ಮೇಲಿರುವಾಗಲೇ ಪ್ರತಿ ನಟ್ಟನ್ನೂ ಕಾಲು ಸುತ್ತು ಸಡಿಲಿಸಬೇಕು. ಕೈಗೆ ಬಗ್ಗದಿದ್ದರೆ ಸ್ಪ್ಯಾನರಿನ ತುದಿ ಎಡಕ್ಕೆ ಮಲಗುವ ಹಾಗೆ ಸಿಕ್ಕಿಸಿ, ಮೇಲಿಂದ ಕಾಲಲ್ಲಿ ಒತ್ತಿ. ಟೀಚರೇ, ಇದಕ್ಕೆ ತೋಳ್ಬಲ ಬೇಡ, ಮೈಭಾರ ಸಾಕು.

ಇಳಿಜಾರಲ್ಲಿ ಜಾಕಿ ಹಾಕಬಾರದು ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಹೇಳುವವರು ಕಡಿಮೆ. ನಿಮ್ಮಂಥ ಚಿಕ್ಕ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಎರಡು ಚಕ್ರವನ್ನು. ಹಿಂದಿನದೊಂದನ್ನು ಎತ್ತಿದಿರೋ, ನೆಲದ ಮೇಲಿನ ಹಿಡಿತ ಅರ್ಧವಾಯಿತು. ಗೇರ್ ಹಾಕಿಟ್ಟರೆ ಎಂಜಿನ್ ಹಿಡಿಯೋದು ಮುಂದಿನ ಚಕ್ರಗಳನ್ನು. ಆದರೆ ಮುಂದಿನದೊಂದು ಮೇಲೆದ್ದರೆ ಅದು ಗಾಳಿಯಲ್ಲಿ ಸುತ್ತುತ್ತೆ, ಕೆಳಗಿನದಕ್ಕೆ ಹಿಡಿತವೇ ಇಲ್ಲ. ಆದ್ದರಿಂದ ಹ್ಯಾಂಡ್‌ಬ್ರೇಕ್, ಗೇರ್ ಎರಡೂ ಹಾಕಿ, ಅದರ ಮೇಲೆ ನೆಲದಲ್ಲಿ ಉಳಿಯುವ ಚಕ್ರಗಳಿಗೆ ಇಳಿಜಾರಿನ ಕಡೆಯಿಂದ ಅಡ್ಡ ಕೊಡಬೇಕು. ಬಿಚ್ಚಿದ ಚಕ್ರವನ್ನು ಅಥವಾ ಸ್ಟೆಪ್ನಿಯನ್ನು ಬಾಗಿಲಿನ ಕೆಳಗೆ, ಕಾರಿನಡಿಗೆ ತಳ್ಳಿಡಿ. ಜಾಕಿ ಜಾರಿದರೂ ಕಾರು ಅದರ ಮೇಲೆ ಕೂರುತ್ತೆ, ನಿಮ್ಮ ಕೈ ಮೇಲಲ್ಲ. ಕೆಸರಿದ್ದರೆ ಜಾಕಿಯಡಿಗೆ ಗಟ್ಟಿ ಹಲಗೆ ಬೇಕು, ಇಲ್ಲದಿದ್ದರೆ ಕಾರು ಏರುವ ಬದಲು ಜಾಕಿ ಇಳಿಯುತ್ತೆ. ಕೂರುವ ಮೊದಲು ಕಾಲಿಗೆ ಸಾಕ್ಸ್ ಏರಿಸಿಕೊಳ್ಳಿ. ಜಿಗಣೆ ಹತ್ತಿದ್ದು ಗೊತ್ತಾಗೋದು ಕೊನೇ ನಟ್ ಬಿಗಿಸುವಾಗ, ಆಗ ಕೈಬಿಡಲೂ ಆಗಲ್ಲ.

ನಟ್ ಬಿಗಿಸುವಾಗ ಸಾಲಾಗಿ ಬೇಡ, ಒಂದನ್ನು ಬಿಗಿದರೆ ಮುಂದಿನದು ಅದರ ಎದುರಿನದು. ಚಕ್ರ ನೆಲಕ್ಕೆ ಇಳಿಸಿದ ಮೇಲೆ ಕೊನೆಯ ಬಿಗಿ. ನಲವತ್ತು ಐವತ್ತು ಕಿಲೋಮೀಟರ್ ಆದಮೇಲೆ ಮತ್ತೊಮ್ಮೆ ನೋಡಿ. ಸ್ಟೆಪ್ನಿ ಬಾಕಿ ಚಕ್ರಗಳಿಗಿಂತ ತೆಳ್ಳಗಿದ್ದರೆ ಅದರ ಮೇಲೇ ಸ್ಪೀಡ್ ಬರೆದಿರುತ್ತೆ, ಸಾಮಾನ್ಯವಾಗಿ 80. ಟ್ಯೂಬ್‌ಲೆಸ್ ಟಯರಿಗೆ ಮೊಳೆ ಹೊಕ್ಕಿದ್ದು ಕಂಡರೆ ಕೀಳಬೇಡಿ, ಮೊಳೆಯೇ ಬಿರಡೆ. ಗಾಳಿ ಹಿಡಿಸಿಕೊಂಡು ನಿಧಾನವಾಗಿ ಪಂಕ್ಚರ್ ಅಂಗಡಿವರೆಗೆ ಹೋಗಿ.

ಎಂಜಿನ್ ಬಿಸಿ ಆಗೋದು ಹೆಚ್ಚಾಗಿ ಹತ್ತುವಾಗ. ಮುಳ್ಳು ಕೆಂಪಿನ ಕಡೆ ಏರತೊಡಗಿದರೆ ಏಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ. ಬೆವರುತ್ತೀರಿ, ಆದರೆ ಎಂಜಿನ್ನಿನ ಶಾಖ ಒಳಕ್ಕೆ ಬಂದು ಅದಕ್ಕೆ ಉಸಿರಾಡಲು ಸಿಗುತ್ತೆ, ನಿಲ್ಲಿಸಲು ಜಾಗ ಹುಡುಕುವಷ್ಟು ಹೊತ್ತು ಸಿಗುತ್ತೆ. ಹಬೆ ಬರುತ್ತಿದ್ದರೆ ಎಂಜಿನ್ ಆಫ್. ರೇಡಿಯೇಟರ್ ಮುಚ್ಚಳಕ್ಕೆ ಅರ್ಧ ಗಂಟೆ ಕೈ ಹಾಕಬೇಡಿ. ಒಳಗಿನ ನೀರು ಒತ್ತಡದಲ್ಲಿ ನೂರು ಡಿಗ್ರಿಗೂ ಮೇಲೆ ಕಾದಿರುತ್ತೆ, ಮುಚ್ಚಳ ಸಡಿಲಿಸಿದ ಕ್ಷಣಕ್ಕೆ ಕುಕ್ಕರ್ ಸಿಡಿದ ಹಾಗೆ ಮುಖಕ್ಕೆ ಬರುತ್ತೆ. ಕೊಯನಾಡಿನಲ್ಲಿ ಒಬ್ಬ ಟೂರಿಸ್ಟ್ ಒದ್ದೆ ಟವೆಲ್ ಸುತ್ತಿಕೊಂಡು ತಿರುಗಿಸಿದ. ನಾನು ರಸ್ತೆಯ ಆಚೆಯಿಂದ ಕೂಗುತ್ತಾ ಓಡಿದೆ, ತಲುಪಲಿಲ್ಲ. ಮುಟ್ಟಿದರೆ ಸುಡದಷ್ಟು ಆರಿದ ಮೇಲೆ, ಅದೂ ಎಂಜಿನ್ ಓಡುತ್ತಿರುವಾಗ, ಸ್ವಲ್ಪ ಸ್ವಲ್ಪವೇ ನೀರು ಹಾಕಿ. ಕಾದದ್ದಕ್ಕೆ ಒಮ್ಮೆಲೇ ತಣ್ಣೀರು ಸುರಿದರೆ ಎಂಜಿನ್ ಬಿರುಕು ಬಿಟ್ಟು ಕಾರಿನ ಬೆಲೆಯಷ್ಟೇ ರಿಪೇರಿ ಆದೀತು.

ಆಷಾಢದ ಗಾಳಿಯಲ್ಲಿ ಸಿಲ್ವರ್ ಓಕ್ ಮುರಿದು, ಕರೆಂಟಿನ ತಂತಿ ಸಮೇತ ಕಾರಿನ ಮೇಲೆ ಬಿದ್ದರೆ ಇಳಿಯಬೇಡಿ. ಬಾಗಿಲು ತೆಗೆದು ಒಂದು ಕಾಲು ನೆಲಕ್ಕಿಟ್ಟರೆ ಕರೆಂಟಿಗೆ ನೀವೇ ದಾರಿ. ಒಳಗಿಂದಲೇ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಿ. ಬೆಂಕಿ ಹೊತ್ತಿ ಇಳಿಯಲೇಬೇಕಾದರೆ ಕಾರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದೆ, ಎರಡೂ ಪಾದ ಜೋಡಿಸಿ ಹೊರಗೆ ಹಾರಿ, ಪಾದ ಬಿಡಿಸದೆ ಪುಟ್ಟ ಹೆಜ್ಜೆಯಲ್ಲಿ ಸರಿಯುತ್ತಾ ದೂರ ಹೋಗಬೇಕು.

ರಸ್ತೆ ಮೇಲೆ ಹೊಳೆ ಬಂದಿದ್ದರೆ, ಭಾಗಮಂಡಲದ ಕಡೆಯಾಗಲಿ ಸಿದ್ದಾಪುರದ ಕರಡಿಗೋಡಿನಲ್ಲಾಗಲಿ, ವಾಪಸ್ ತಿರುಗಿಸಿ. ಮಂಡಿ ಮಟ್ಟದ ಹರಿವ ನೀರು ಚಿಕ್ಕ ಕಾರನ್ನು ತೇಲಿಸಿಕೊಂಡು ಹೋಗುತ್ತೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಒಳಗೆ ಹೊಕ್ಕ ನೀರು ಎಂಜಿನ್ನಿನ ರಾಡು ಬಗ್ಗಿಸುತ್ತೆ. ಇದರ ಬಗ್ಗೆ ಇನ್ನು ಜಾಸ್ತಿ ಹೇಳೋದಿಲ್ಲ, ನೀರು ಕಂಡರೆ ಹಿಂದೆ ತಿರುಗೋದಕ್ಕೆ ಪಾಠ ಬೇಡ.

ಸಿಸ್ಟರ್ ವಿರಾಜಪೇಟೆ:

ನಾನು ನರ್ಸ್. ಹಳೇ ಜೀಪು ಅಣ್ಣ ಬಿಟ್ಟದ್ದಷ್ಟನ್ನು ಸೇರಿಸುತ್ತೇನೆ.

ರೇಡಿಯೇಟರ್ ಹಬೆ ಸುಟ್ಟವರು ನಮ್ಮಲ್ಲಿಗೆ ಬರುವಾಗ ಗಾಯಕ್ಕೆ ಟೂತ್‌ಪೇಸ್ಟ್, ಕಾಫಿ ಪುಡಿ ಮೆತ್ತಿಕೊಂಡು ಬರುತ್ತಾರೆ. ಅದನ್ನು ತೊಳೆದು ತೆಗೆಯುವಾಗ ಅವರು ಪಡುವ ನೋವು ನೋಡಲಾಗದು. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣಗಿನ ಹರಿಯುವ ನೀರು, ಅಷ್ಟೇ. ಐಸ್ ಬೇಡ. ಬಳೆ, ಉಂಗುರ, ವಾಚು ಊದುವ ಮೊದಲೇ ತೆಗೆಯಿರಿ. ಕಾಫಿ ಪುಡಿ ಕುಡಿಯೋಕೆ ಇರಲಿ.

ಅಪಘಾತ ಕಂಡರೆ 112 ಅಥವಾ 108. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ 112 ಹೋಗಬಹುದು, ಪ್ರಯತ್ನಿಸಿ. ಮಾಕುಟ್ಟ ಘಾಟಿಯಲ್ಲಿ ಕೆಲವು ಕಡೆ ಯಾವ ಟವರೂ ಸಿಗೋದಿಲ್ಲ. ಅಲ್ಲಿ ಬಸ್ಸೇ ನಮ್ಮ ಟವರ್. ಡ್ರೈವರಿಗೆ ಒಂದು ಚೀಟಿ ಕೊಡಿ: ಎಲ್ಲಿ, ಎಷ್ಟು ಜನ, ಪ್ರಜ್ಞೆ ಇದೆಯಾ, ರಕ್ತ ಹೋಗುತ್ತಿದೆಯಾ. ಬಾಯಲ್ಲಿ ಹೇಳಿದ್ದು ಪೆರುಂಬಾಡಿ ತಲುಪುವಷ್ಟರಲ್ಲಿ ಬೇರೆ ಕಥೆಯಾಗಿರುತ್ತೆ. ಗಾಯಾಳುವನ್ನು ಬೆಂಕಿ, ನೀರು, ಬರೆ ಕುಸಿಯುವ ಭಯ ಇದ್ದರೆ ಮಾತ್ರ ಎತ್ತಿ. ಇಲ್ಲದಿದ್ದರೆ ಕುತ್ತಿಗೆ ಅಲುಗಿಸದೆ, ರಕ್ತ ಬರುವ ಕಡೆ ಶುದ್ಧ ಬಟ್ಟೆಯಿಟ್ಟು ಬಿಡದೆ ಒತ್ತಿ ಹಿಡಿಯಿರಿ. ನೀರು ಕುಡಿಸಬೇಡಿ.

"ನಿಲ್ಲಿಸಿದರೆ ಪೊಲೀಸು, ಕೋರ್ಟು" ಅಂತ ಈಗಲೂ ಹೆದರುವವರಿದ್ದಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಅಂತ ಹೊಸ ಕಲಂ ಸೇರಿದೆ. ಒಳ್ಳೆ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕು ಅಂತಲೂ ಒತ್ತಾಯವಿಲ್ಲ. ನಮ್ಮ ಬಾಗಿಲಿಗೆ ಬಿಟ್ಟು ಹೋಗಿ, ಯಾರೂ ಹಿಡಿದುಕೊಳ್ಳಲ್ಲ.

ಬಯಲುಸೀಮೆ ಟೀಚರ್:

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು. ಬ್ರೇಕ್ ಆಯಿಲ್ ಬದಲಾಯಿಸಿದೆ. ತೆಗೆದದ್ದನ್ನು ಮೆಕ್ಯಾನಿಕ್ ಗಾಜಿನ ಲೋಟದಲ್ಲಿ ಹಿಡಿದು ತೋರಿಸಿದರು, ಡಿಕಾಕ್ಷನ್ ಬಣ್ಣ. ಹೊಸದು ಜೇನಿನ ಹಾಗಿತ್ತು.

ಭಾನುವಾರ ಮನೆಯ ಅಂಗಳದಲ್ಲಿ ಚಕ್ರ ಬದಲಾಯಿಸುವ ಅಭ್ಯಾಸ ಮಾಡೋಣ ಅಂತ ಡಿಕ್ಕಿ ತೆಗೆದೆ. ಸ್ಟೆಪ್ನಿಯಲ್ಲಿ ಗಾಳಿಯೇ ಇಲ್ಲ, ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತೆ. ಅದಕ್ಕಿಂತ ತಮಾಷೆ ಅಂದರೆ ಸ್ಪ್ಯಾನರ್ ಬೇರೆ ಯಾವುದೋ ಕಾರಿನದು, ನನ್ನ ನಟ್ಟಿಗೆ ಕೂರಲೇ ಇಲ್ಲ. ಎರಡು ವರ್ಷ ಇದನ್ನೇ ಹೊತ್ತುಕೊಂಡು ಮೈಸೂರಿಗೂ ದಾವಣಗೆರೆಗೂ ಓಡಾಡಿದ್ದೇನೆ! ಹೊಸ ಸ್ಪ್ಯಾನರ್ ತಂದು, ಗಾಳಿ ಹಿಡಿಸಿ, ಮೊದಲ ಸಲ ಐವತ್ತು ನಿಮಿಷ, ಎರಡನೇ ಸಲ ಇಪ್ಪತ್ತೆರಡು ನಿಮಿಷ. ಮಗ ವಾಚು ಹಿಡಿದು ನಿಂತಿದ್ದ. ಚಕ್ರಕ್ಕೆ ಅಡ್ಡ ಕೊಡಲು ಪಕ್ಕದ ಮನೆಯ ಆಚಾರಿಯವರು ಸಿಲ್ವರ್ ಓಕಿನಲ್ಲಿ ಎರಡು ತುಂಡು ಕೊಯ್ದುಕೊಟ್ಟಿದ್ದಾರೆ.

ಹಳೇ ಜೀಪು:

ಸಿಲ್ವರ್ ಓಕ್ ಬೇಡ ಟೀಚರೇ, ಮೆದು ಮರ. ಒಂದು ಮಳೆಗಾಲ ಡಿಕ್ಕಿಯಲ್ಲಿದ್ದರೆ ಪುಡಿಯಾಗುತ್ತೆ. ಯಾರಾದರೂ ಹಳೇ ರೋಬಸ್ಟಾ ಗಿಡ ಕಿತ್ತಿದ್ದರೆ ಬೊಡ್ಡೆ ಕೇಳಿ ತಗೊಳ್ಳಿ, ಕಬ್ಬಿಣದ ಹಾಗಿರುತ್ತೆ. ಸಿಗದಿದ್ದರೆ ಹೇಳಿ, ನಮ್ಮ ಹಿತ್ತಲಲ್ಲಿ ನಾಲ್ಕು ಬಿದ್ದಿವೆ.